ಅಕ್ಷರ ಯಾರ ಆಸ್ತಿ?

ಅಕ್ಷರ ಪವಿತ್ರ, ನೀವು ಮುಟ್ಟಬಾರದು ಅಂತ ನಮ್ಮ ಹಿರಿಯರನ್ನು ಶತಮಾನಗಟ್ಟಲೆ ದೂರ ಇಟ್ಟರು. ಬರಹದ ಹುಟ್ಟನ್ನು ನೋಡಿದ್ರೆ ಕಥೆ ಬೇರೆಯೇ ಇದೆ.

ಈಗಿನ ಇರಾಕಿನ ಉರುಕ್ ನಗರದಲ್ಲಿ, ಕ್ರಿ.ಪೂ. 3300ರ ಸುಮಾರಿಗೆ ಮಣ್ಣಿನ ಹಲಗೆಗಳ ಮೇಲೆ ಗೀಚಿದ್ದರಲ್ಲಿ ಹೆಚ್ಚಿನದು ಮಂತ್ರ ಅಲ್ಲ, ಲೆಕ್ಕ. ಎಷ್ಟು ಬಾರ್ಲಿ, ಎಷ್ಟು ಕುರಿ, ದುಡಿಯೋರಿಗೆ ಎಷ್ಟು ಪಡಿ. ದುಡಿದವರ ಹೊಟ್ಟೆ ಅಳೆಯೋಕೆ ಬರಹ ಬಂತು, ಆದರೆ ಬರೆಯೋ ಕೈ ಅವರದಾಗಿರಲಿಲ್ಲ. ಈಜಿಪ್ಟಿನಲ್ಲೂ ಅಷ್ಟೇ. ನೂರಾರು ಚಿಹ್ನೆ ಕಲಿಯೋಕೆ ವರ್ಷಗಟ್ಟಲೆ ಬಿಡುವಿದ್ದವರೇ ಲಿಪಿಕಾರರು.

ಅದೇ ಈಜಿಪ್ಟಿನ ಸಿನಾಯ್‌ನಲ್ಲಿ, ಸೆರಾಬಿತ್ ಅಲ್-ಖಾದಿಮ್ ಎಂಬಲ್ಲಿ ನೀಲಿ ಹರಳಿನ ಗಣಿಗಳಿದ್ದವು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿಗೆ ಅಲ್ಲಿ ವಿಚಿತ್ರ ಬರಹ ಸಿಕ್ತು. ನೂರಾರು ಚಿಹ್ನೆ ಇಲ್ಲ, ಒಂದು ದನಿಗೆ ಒಂದು ಗುರುತು. ಎತ್ತಿನ ತಲೆಯ ಚಿತ್ರವೇ 'ಅಲೆಫ್', ಮುಂದೆ ಇಂಗ್ಲಿಷಿನ 'ಎ' ಆಗಿದ್ದೂ ಅದೇ. ಇದನ್ನು ಕಟ್ಟಿದವರು ಓದುಬರಹ ಬಾರದ ವಲಸೆ ಗಣಿ ಕಾರ್ಮಿಕರು ಅಂತ ವಿದ್ವಾಂಸೆ ಓರ್ಲಿ ಗೋಲ್ಡ್‌ವಾಸರ್ ವಾದಿಸ್ತಾರೆ. ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೀತಾ ಇದೆ. ಆದರೆ ಆ ಬರಹ ಸಿಕ್ಕಿದ್ದು ಅರಮನೆಯಲ್ಲಲ್ಲ, ಗಣಿಯಲ್ಲಿ.

ಐದು ಸಾವಿರ ವರ್ಷದಿಂದ ನಮ್ಮಂಥವರ ಲೆಕ್ಕ ಬೇರೆಯವರು ಬರೀತಾ ಬಂದಿದ್ದಾರೆ. ಕೂಲಿ ಚೀಟಿ, ಪಹಣಿ, ಇತಿಹಾಸ, ಇನ್ನು ನಾವೇ ಓದೋಣ, ನಾವೇ ಬರೆಯೋಣ.

ಜೈ ಭೀಮ್.