ಹರಳು ಕೊಟ್ಟು ಬೀಳ್ಕೊಡುವ ನಾಡು

ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕವನ್ನು ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ತಾವು ಓದಿರಬಹುದು. ಕಣ್ವರು ಮಗಳನ್ನು ಕಳುಹುವಾಗ ಅತ್ತರು, ಹರಸಿದರು, ಬುದ್ಧಿ ಹೇಳಿದರು. ಆದರೇನು? ಅರಸನು ‘ಈಕೆ ಯಾರು?’ ಎಂದಾಗ ಮದುವೆಗೆ ಸಾಕ್ಷಿ ನುಡಿಯಬಲ್ಲವರು ಒಬ್ಬರೂ ಇರಲಿಲ್ಲ. ಈ ಕೊರತೆ ಕೊಡವರ ಮದುವೆಯಲ್ಲಿಲ್ಲ. ಪೊನ್ನಂಪೇಟೆಯ ಕಡೆ ಒಂದು ಮದುವೆಗೆ ಹೋದರೆ ತಮಗೇ ತಿಳಿದೀತು.

ಅಲ್ಲಿ ಹೆಣ್ಣನ್ನು ಕಳುಹುವ ಮುನ್ನ ‘ಸಂಬಂಧ’ ಕೊಡುವುದೆಂಬ ಕಾರ್ಯವುಂಟು. ಎರಡೂ ಪಕ್ಷದವರು ಎದುರುಬದುರು ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಂದು ಒಕ್ಕಕ್ಕೂ ‘ಅರುವ’ನೆಂಬ ಮಾತುಗಾರನಿರುತ್ತಾನೆ, ಈತ ಸಾಮಾನ್ಯವಾಗಿ ಬೇರೆ ಒಕ್ಕದ ಸ್ನೇಹಿತನು. ನಾಡಿನವರೂ ನಂಟರೂ ನೆರೆದಿರುವರೇ ಎಂದು ಕೇಳುವುದರಿಂದ ಮಾತು ಮೊದಲಾಗುತ್ತದೆ. ಬಳಿಕ ಗಂಡಿನ ಮನೆಯ ಆಸ್ತಿಪಾಸ್ತಿಯಲ್ಲಿ ಈ ಹೆಣ್ಣಿಗೆ ಹಕ್ಕು ಕೊಡುವಿರಾ ಎಂಬ ಪ್ರಶ್ನೆ, ಕೊಟ್ಟೆವೆಂಬ ಉತ್ತರ. ಹೊನ್ನಿನ ಬದಲು ಸಣ್ಣ ಹರಳುಗಳು ಕೈಯಿಂದ ಕೈಗೆ ಹೋಗುತ್ತವೆ. ಪುರೋಹಿತರಿಲ್ಲ, ಮಂತ್ರವಿಲ್ಲ. ಪಂಡಿತನಾದ ನನಗೂ ಇದು ಮಂತ್ರಕ್ಕಿಂತ ಗಟ್ಟಿಯೆಂದೇ ತೋರುತ್ತದೆ. ರಿಕ್ಟರ್ ಪಾದ್ರಿಗಳು 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕೊಡಗಿನ ಗ್ರಂಥದಲ್ಲಿ ಈ ಜನರ ನಡೆನುಡಿಗಳನ್ನು ಬರೆದಿಟ್ಟರು, ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಹೆಸರಾಂತ ಪುಸ್ತಕವನ್ನೇ ಪ್ರಕಟಿಸಿದರು.

ತವರಿನ ನಂಟು ಇಷ್ಟಕ್ಕೇ ಕಡಿಯುತ್ತಿರಲಿಲ್ಲ. ವಿಧವೆಯಾದವಳು ಹುಟ್ಟಿದ ಒಕ್ಕಕ್ಕೆ ಮರಳಬಹುದಾಗಿತ್ತು. ಗಂಡುಸಂತಾನವಿಲ್ಲದೆ ಒಕ್ಕವೇ ನಂದಿಹೋಗುವಂತಿದ್ದರೆ ಒಕ್ಕಪರಿಜೆ, ಮಕ್ಕಪರಿಜೆ ಎಂಬ ಬಗೆಯ ಮದುವೆಗಳಿದ್ದವು. ಅವುಗಳಲ್ಲಿ ಮಗಳ ಮಕ್ಕಳೇ ತವರಿನ ಹೆಸರನ್ನು ಹೊರುತ್ತಿದ್ದರು. ಹೆಣ್ಣೆಂದರೆ ಪರರ ಸೊತ್ತು ಎಂದು ನುಡಿಯುವವರು ಇದನ್ನು ಗಮನಿಸಬೇಕು.

ಇನ್ನು ಹೊರಡುವ ಸಂಭ್ರಮ. ಮದುಮಗಳ ಸೋದರಮಾವನ ಮಗನು ದಾರಿಗೆ ಅಡ್ಡ ನಿಲ್ಲುತ್ತಾನೆ. ಇದು ‘ಬಟ್ಟೆ ತಡ್ಪೊ’. ಬಟ್ಟೆಯೆಂದರೆ ಉಡುವ ಬಟ್ಟೆಯಲ್ಲ, ಹಳಗನ್ನಡದ ದಾರಿ. ಪಂಪನ ಕಾಲದ ಮಾತು ಕೊಡವರ ಬಾಯಲ್ಲಿ ಇನ್ನೂ ಬದುಕಿದೆ! ಅವಳನ್ನು ವರಿಸುವ ಹಕ್ಕು ತನ್ನದಾಗಿತ್ತೆಂಬುದು ಅವನ ವಾದ. ನಾಣ್ಯ ಕೈಗೆ ಬಿದ್ದೊಡನೆ ವಾದ ಮುಗಿಯುತ್ತದೆ.

ಹಿಂದೆ ಮುಹೂರ್ತಗಳು ಅವರವರ ಮನೆಯಲ್ಲಿಯೇ ಬೇರೆಬೇರೆಯಾಗಿ ನಡೆದು, ಹೆಣ್ಣು ನಿಜವಾಗಿಯೂ ಊರು ಬಿಟ್ಟು ಊರಿಗೆ ಹೋಗುತ್ತಿದ್ದಳು. ಈಗ ಬಹುಮಟ್ಟಿಗೆ ಎಲ್ಲವೂ ಒಂದೇ ಕಲ್ಯಾಣಮಂಟಪದಲ್ಲಿ. ಆದರೂ ನೀರು ಹೊರುವ ಶಾಸ್ತ್ರ ತಪ್ಪಿಲ್ಲ. ಮದುಮಗಳು ಬಾವಿಗೆ ಪೂಜೆ ಮಾಡಿ, ತುಂಬಿದ ಕೊಡವನ್ನು ತಲೆಯ ಮೇಲಿಟ್ಟು ನಡೆದು ಬರುವಾಗ ವರನ ಕಡೆಯವರು ವಾಲಗಕ್ಕೆ ಹೆಜ್ಜೆ ಹಾಕುತ್ತ ಮುಂದೆ ಬಿಡುವುದೇ ಇಲ್ಲ. ಗಂಟೆಗಟ್ಟಲೆ ಕುಣಿತ. ಅವಳು ಕೊಡ ಇಳಿಸದೆ ನಿಂತಿರಬೇಕು. ಅವರು ದಣಿದು ದಾರಿ ಬಿಟ್ಟಾಗಲೇ ಒಳಗೆ ಕಾಲಿಡುವುದು.