ನೀಲಿಯನ್ನು ಬಿಳಿಯಾಗಿಸಿದ ಗಾಜು: ನೀಲಗಿರಿ ಬಡಗರ ಹಳೆಯ ಪಟಗಳನ್ನು ಓದುವ ಬಗೆ

ಪರದೆ ಕಾಣಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ. ಗಡಿಯಾಚೆಯ ಕನ್ನಡದ ಚರಿತ್ರೆ ಎಂದ ಕೂಡಲೇ ನಾವು ಶಾಸನ, ಕಂದಾಯದ ಕಡತ, ಶಾಲೆಯ ಹಾಜರಿ ಪುಸ್ತಕ, ಹಾಡು, ಗಾದೆ ಇವನ್ನೆಲ್ಲ ಹುಡುಕುತ್ತೇವೆ. ಗೋಡೆಯ ಮೇಲಿನ ಪಟವನ್ನು ಮಾತ್ರ ಪುಸ್ತಕದ ಅಲಂಕಾರಕ್ಕೆ ಬಳಸಿಕೊಳ್ಳುತ್ತೇವೆ. 'ಚಿತ್ರ ಸುಳ್ಳು ಹೇಳೋದಿಲ್ಲ' ಎಂಬ ನಂಬಿಕೆ ಬೇರೆ. ಇವತ್ತು ನನ್ನ ವಾದ ಇಷ್ಟೆ: ಪಟವೊಂದು ಮನುಷ್ಯರ ದಾಖಲೆಯಾಗುವ ಮೊದಲು ಅದನ್ನು ತೆಗೆದ ಲೆನ್ಸಿನ ಮತ್ತು ಫಿಲ್ಮಿನ ದಾಖಲೆ. ಆ ಎರಡರ ಸ್ವಭಾವ ತಿಳಿಯದೆ ಹಳೆಯ ಪಟದಿಂದ ಒಂದು ಸಮುದಾಯದ ಬಗ್ಗೆ ತೀರ್ಮಾನ ಮಾಡಬಾರದು. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ನನ್ನ ಸ್ವಂತ ಊರಿನ ಕಡೆಯದು, ನೀಲಗಿರಿಯದು.

ನಾಕುಬೆಟ್ಟದ ಜನ

ಬಡಗ ಎಂದರೆ ಬಡಗಣದಿಂದ, ಅಂದ್ರೆ ಉತ್ತರದಿಂದ ಬಂದವನು. ವಿಜಯನಗರದ ಪತನದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಇದನ್ನು ಒಪ್ಪದೆ 'ನಾವು ಇಲ್ಲಿಯವರೇ' ಎನ್ನುವ ಬಡಗರೂ ಇದ್ದಾರೆ. ನಮ್ಮ ಮಾತು ಕನ್ನಡದ ಒಂದು ಬಗೆಯೋ ಬೇರೆಯೇ ಒಂದು ನುಡಿಯೋ ಎಂಬ ಚರ್ಚೆಯೂ ಮುಗಿದಿಲ್ಲ. ಇವತ್ತಿನ ವಿಷಯಕ್ಕೆ ಬೇಕಾದದ್ದು ಎರಡೇ ಸಂಗತಿ. ನಾವು ಹಟ್ಟಿಗಳಲ್ಲಿ ಬಾಳಿದವರು, ಹಬ್ಬಕ್ಕೂ ಸಾವಿಗೂ ಬಿಳಿ ಬಟ್ಟೆ ಉಡುವವರು. ಹಿಂದಿನ ತಲೆಮಾರಿನ ಹೆಂಗಸರ ಹಣೆ, ತೋಳುಗಳಲ್ಲಿ ಹಚ್ಚೆ ಇರುತ್ತಿತ್ತು. ಈ ಬಿಳಿ ಬಟ್ಟೆ, ಈ ನೀಲಿ ಹಚ್ಚೆ ಎರಡೂ ಕ್ಯಾಮೆರಾಕ್ಕೆ ಕಷ್ಟ ಕೊಟ್ಟ ವಸ್ತುಗಳು. ಹೇಗೆ ಅಂತ ನೋಡೋಣ.

ಗಾಜಿನ ಫಲಕ ಕಂಡದ್ದು, ಕಾಣದ್ದು

1819ರಲ್ಲಿ ಜಾನ್ ಸಲಿವನ್ ಬೆಟ್ಟ ಹತ್ತಿದ ಮೇಲೆ ನೀಲಗಿರಿ ಬ್ರಿಟಿಷರ ಬೇಸಿಗೆ ತಾಣವಾಯಿತು. ಕ್ಯಾಮೆರಾ ಅವರ ಹಿಂದೆಯೇ ಬಂತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಎ. ಟಿ. ಡಬ್ಲ್ಯು. ಪೆನ್ ಊಟಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಬೆಟ್ಟದ ದೃಶ್ಯಗಳನ್ನೂ ಇಲ್ಲಿನ ಜನರನ್ನೂ ತೆಗೆದರು. ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್‌ಸನ್ ಬ್ರೀಕ್ಸ್ ಸಿದ್ಧಪಡಿಸಿದ, ಅವರು ತೀರಿಕೊಂಡ ಮೇಲೆ 1873ರಲ್ಲಿ ಪ್ರಕಟವಾದ ನೀಲಗಿರಿ ಬುಡಕಟ್ಟುಗಳ ಗ್ರಂಥದಲ್ಲೂ ಛಾಯಾಚಿತ್ರಗಳದೇ ದೊಡ್ಡ ಪಾಲು.

ಆ ಕಾಲದ ವಿಧಾನ ಒದ್ದೆ ಕಲೋಡಿಯನ್. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ್ದು. ಗಾಜಿನ ಫಲಕಕ್ಕೆ ಕಲೋಡಿಯನ್ ಸವರಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಅದು ಒಣಗುವ ಮೊದಲು, ಅಂದ್ರೆ ಹತ್ತು ಹದಿನೈದು ನಿಮಿಷದೊಳಗೆ ಚಿತ್ರ ತೆಗೆದು ತೊಳೆದೂ ಮುಗಿಸಬೇಕು. ಹಟ್ಟಿಗೆ ಹೋಗಿ ಚಿತ್ರ ತೆಗೆಯಬೇಕಾದರೆ ಕತ್ತಲೆಯ ಡೇರೆಯನ್ನೂ ಹೊತ್ತುಕೊಂಡು ಹೋಗಬೇಕು. ಫಲಕಕ್ಕೆ ಬೆಳಕು ಬೀಳುವಷ್ಟು ಹೊತ್ತು ಎದುರು ನಿಂತವರು ಅಲುಗಾಡಬಾರದು. ಹಳೆಯ ಚಿತ್ರಗಳಲ್ಲಿ ನಮ್ಮವರು ಯಾಕೆ ಹಾಗೆ ಬಿಗಿದು ನಿಂತಿದ್ದಾರೆ, ಯಾಕೆ ಯಾರೂ ನಗುತ್ತಿಲ್ಲ ಅಂತ ಕೇಳುವವರಿಗೆ ಇದು ಅರ್ಧ ಉತ್ತರ. ಬಿಗುವು ಅವರ ಸ್ವಭಾವವಲ್ಲ, ಫಲಕದ ಬೇಡಿಕೆ.

ಇದಕ್ಕಿಂತ ದೊಡ್ಡ ಸಂಗತಿ ಬಣ್ಣದ್ದು. ಈ ಫಲಕ ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ಹಸಿರು, ಹಳದಿ, ಕೆಂಪು ಅದಕ್ಕೆ ಕತ್ತಲೆಯೇ. ಹೀಗಾಗಿ ನೀಲಿಯಾಗಿ ಇರುವುದೆಲ್ಲ ಚಿತ್ರದಲ್ಲಿ ಬೆಳ್ಳಗೆ, ಕೆಂಪು ಕಂದು ಇರುವುದೆಲ್ಲ ಕಪ್ಪಗೆ. ಇದರ ಮೂರು ಪರಿಣಾಮ ನೋಡಿ.

ಒಂದು, ಬೆಟ್ಟ. ನೀಲಗಿರಿಗೆ ಆ ಹೆಸರು ಬಂದದ್ದೇ ದೂರದ ಸಾಲುಗಳ ಮೇಲೆ ತೂಗುವ ನೀಲಿ ಮುಸುಕಿನಿಂದ ಎನ್ನುತ್ತಾರೆ. ಆ ನೀಲಿಯೇ ಫಲಕಕ್ಕೆ ಬಿಳಿ. ಆದ್ದರಿಂದ ಹಳೆಯ ಚಿತ್ರಗಳಲ್ಲಿ ಹತ್ತಿರದ ಗುಡ್ಡ ಸ್ಪಷ್ಟ, ಅದರಾಚೆಯ ಸಾಲುಗಳು ಬರಿಯ ಬಿಳಿ ಹಾಳೆಯಲ್ಲಿ ಕರಗಿಹೋಗುತ್ತವೆ. ನೀಲಗಿರಿಯ ಮೊದಲ ಚಿತ್ರಗಳಲ್ಲಿ ಕಾಣದೇ ಹೋದದ್ದು ನೀಲಗಿರಿಯ ನೀಲಿಯೇ!

ಎರಡು, ಮೈಬಣ್ಣ. ಕಂದು ಚರ್ಮ ಇರುವುದಕ್ಕಿಂತ ಕಪ್ಪಾಗಿ, ಪಕ್ಕದ ಬಿಳಿ ಬಟ್ಟೆ ಇನ್ನೂ ಬೆಳ್ಳಗೆ ಮೂಡುತ್ತದೆ. 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು 1868ರಿಂದ 1875ರವರೆಗೆ ಬಂದವು. ಜನರನ್ನು ಚಿತ್ರದ ಮೂಲಕ ವರ್ಗ ಮಾಡುವ ಕಾಲ ಅದು. ಅಂಥ ಚಿತ್ರ ನೋಡಿ ಇವರು ಇಂಥ ಬಣ್ಣದವರು, ಇಂಥ ಮೂಲದವರು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅವರು ಓದುತ್ತಿರುವುದು ಜನರ ಚರ್ಮವನ್ನಲ್ಲ, ಬೆಳ್ಳಿಯ ರಸಾಯನವನ್ನು.

ಮೂರು, ಹಚ್ಚೆ. ಚರ್ಮದ ಅಡಿಯ ಮಸಿ ಹೊರಗೆ ನೀಲಿ-ಹಸಿರಾಗಿ ಕಾಣುತ್ತದೆ. ಕಲೋಡಿಯನ್ ಫಲಕದಲ್ಲಿ ಅದು ಸುತ್ತಲಿನ ಚರ್ಮದ ಜೊತೆ ಬೆರೆತು ಮಸುಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ನ್ಯೂಜಿಲೆಂಡಿನ ಛಾಯಾಗ್ರಾಹಕ ಮೈಕಲ್ ಬ್ರ್ಯಾಡ್ಲಿ. 'ಪುಆಕಿ' ಎಂಬ ತಮ್ಮ ಯೋಜನೆಯಲ್ಲಿ ಅವರು ಮುಖಕ್ಕೆ ಹಚ್ಚೆ ಇರುವ ಮಾವೊರಿ ಜನರನ್ನು ಒದ್ದೆ ಫಲಕದಲ್ಲೂ ಡಿಜಿಟಲ್ ಕ್ಯಾಮೆರಾದಲ್ಲೂ ತೆಗೆದು ಪಕ್ಕ ಪಕ್ಕ ಇಟ್ಟರು. ಒಂದರಲ್ಲಿ ಹಚ್ಚೆ ಇದೆ, ಇನ್ನೊಂದರಲ್ಲಿ ಇಲ್ಲ. ಹಳೆಯ ತಂತ್ರವನ್ನೇ ಪ್ರಶ್ನೆಯಾಗಿ ಬಳಸಿದ ಈ ಬಗೆ ನಮಗೂ ಪಾಠ.

ನಾನು ಇದನ್ನು ನಮ್ಮ ಹಟ್ಟಿಯಲ್ಲಿ ಸಣ್ಣ ಮಟ್ಟದಲ್ಲಿ ಮಾಡಿ ನೋಡಿದೆ. ಒಪ್ಪಿಗೆ ಕೊಟ್ಟ ಒಬ್ಬ ಅಜ್ಜಿಯನ್ನು ಅದೇ ಬೆಳಕಿನಲ್ಲಿ, ಅದೇ ಕಪ್ಪು ಬಿಳುಪು ಫಿಲ್ಮಿನಲ್ಲಿ ಎರಡು ಸಲ ತೆಗೆದೆ. ಲೆನ್ಸಿನ ಮುಂದೆ ನೀಲಿ ಫಿಲ್ಟರ್ ಇಟ್ಟಾಗ ಹಣೆಯ ಚುಕ್ಕೆಗಳು ಹುಡುಕಿದರೂ ಸಿಗಲಿಲ್ಲ. ಕಿತ್ತಳೆ ಫಿಲ್ಟರ್ ಇಟ್ಟಾಗ ಚರ್ಮ ತಿಳಿಯಾಗಿ, ಹಚ್ಚೆ ಕಪ್ಪಗೆ ಎದ್ದು ನಿಂತಿತು. ಎರಡೂ ಪ್ರಿಂಟು ನೋಡಿ ಅಜ್ಜಿ, 'ಒಂದರಲ್ಲಿ ನಾನು, ಇನ್ನೊಂದರಲ್ಲಿ ಯಾರು?' ಅಂದರು. ನಿಮ್ಮ ಬಳಿ ಫಿಲ್ಮ್ ಇಲ್ಲದಿದ್ದರೂ ಪರವಾಗಿಲ್ಲ. ಮೊಬೈಲಿನ ಬಣ್ಣದ ಚಿತ್ರದಿಂದ ನೀಲಿ ಚಾನೆಲ್ ಒಂದನ್ನೇ ಬೇರೆ ಮಾಡಿ ಕಪ್ಪು ಬಿಳುಪಿನಲ್ಲಿ ನೋಡಿ. ಹಳೆಯ ಫಲಕದ ಕಣ್ಣು ಹೇಗಿತ್ತು ಎಂಬುದರ ಅಂದಾಜು ಸಿಗುತ್ತದೆ.

ಇದರಿಂದ ಚರಿತ್ರೆಗೆ ಏನು? 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಎಡ್ಗರ್ ಥರ್ಸ್ಟನ್ನರ ಗ್ರಂಥದ ಬಡಗರ ಅಧ್ಯಾಯ ಹಚ್ಚೆಯ ವಿವರ ಕೊಡುತ್ತದೆ. ಬರಹದಲ್ಲಿ ಹಚ್ಚೆ ಇದ್ದು ಪಟದಲ್ಲಿ ಕಾಣದಿದ್ದರೆ, ಬರಹ ತಪ್ಪು ಎನ್ನುವಂತಿಲ್ಲ. 'ಆ ಪದ್ಧತಿ ಆಗಲೇ ಅಳಿದಿತ್ತು' ಎಂದೂ ಹೇಳುವಂತಿಲ್ಲ. ಮೊದಲು ಫಲಕ ಯಾವುದು ಎಂದು ಕೇಳಬೇಕು. 1873ರಲ್ಲಿ ಹರ್ಮನ್ ಫೋಗೆಲ್ ಬಣ್ಣದ್ರವ್ಯ ಬೆರೆಸಿ ಫಲಕಕ್ಕೆ ಹಸಿರನ್ನೂ ಕಾಣುವ ಶಕ್ತಿ ಕೊಡಬಹುದು ಎಂದು ಕಂಡುಕೊಂಡರು. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಲಕ ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಹಳ್ಳಿಯ ಸ್ಟುಡಿಯೋಗಳಿಗೆ ಅದು ತಲುಪಿದ್ದು ಇನ್ನೂ ತಡವಾಗಿ.

ಅಂಚಿನಲ್ಲಿ ನಿಂತವರು

ಈಗ ಲೆನ್ಸಿಗೆ ಬರೋಣ. 1840ರಲ್ಲಿ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಭಾವಚಿತ್ರದ ಲೆನ್ಸ್ ದಶಕಗಳ ಕಾಲ ಸ್ಟುಡಿಯೋಗಳನ್ನು ಆಳಿತು. ಅದರ ದ್ವಾರ ಎಫ್/3.6, ಆ ಕಾಲಕ್ಕೆ ಬಹಳ ದೊಡ್ಡದು. ಬೆಳಕು ಹೆಚ್ಚು ಬರುವುದರಿಂದ ಕೂರುವ ಸಮಯ ಕಡಿಮೆ. ಆದರೆ ನಡುಭಾಗ ಮಾತ್ರ ಚೂಪು, ಅಂಚುಗಳು ಸುಳಿ ತಿರುಗಿದಂತೆ ಮಸುಕು. ಒಬ್ಬರ ಪಟಕ್ಕೆ ಇದು ಚಂದ, ಮುಖದ ಮೇಲೆ ಕಣ್ಣು ನಿಲ್ಲುತ್ತೆ. ಗುಂಪಿನ ಚಿತ್ರಕ್ಕೆ ಅದೇ ಲೆನ್ಸ್ ಬಳಸಿದರೆ? ನಡುವೆ ಕೂತ ಗೌಡ, ದೊರೆ, ಪಾದ್ರಿ ಸ್ಪಷ್ಟ. ಅಂಚಿನಲ್ಲಿ ನಿಂತ ಹೆಂಗಸರು, ಕೂಲಿಗಳು, ಮಕ್ಕಳು ಮಂಜು. ಊರಿನ ಮರ್ಯಾದೆಯ ಕ್ರಮವನ್ನೇ ಗಾಜೂ ಪಾಲಿಸಿದ ಹಾಗಾಯಿತು.

ಇದಕ್ಕೆ ಎದುರಾದದ್ದು ಡಬ್ಬಿ ಕ್ಯಾಮೆರಾ. ನಮ್ಮ ಅಪ್ಪಂದಿರ ಕಾಲದ 'ಅಗ್ಫಾ ಕ್ಲಿಕ್ 3' ಎಷ್ಟು ಮನೆಗಳಲ್ಲಿತ್ತು! 120 ಸೈಜಿನ ಫಿಲ್ಮ್, ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರ. ಒಂದೇ ಗಾಜಿನ ಸಾದಾ ಲೆನ್ಸ್, ಫೋಕಸ್ ತಿರುಗಿಸುವ ಗೊಡವೆಯೇ ಇಲ್ಲ. ದ್ವಾರ ಸಣ್ಣದಾದ್ದರಿಂದ ಕೆಲವು ಅಡಿಗಳಾಚೆ ಇರುವುದೆಲ್ಲ ಸುಮಾರಾಗಿ ಸ್ಪಷ್ಟ. ಮದುವಣಗಿತ್ತಿಯ ಜೊತೆ ಹಿಂದಿನ ಜಗುಲಿ, ಅಂಗಡಿಯ ಬೋರ್ಡು, ಕಟ್ಟಿದ ಎಮ್ಮೆ ಎಲ್ಲವೂ ಬಂತು. ಛಾಯಾಗ್ರಾಹಕರು ಕೀಳಾಗಿ ಕಂಡ ಈ ಲೆನ್ಸು ಚರಿತ್ರೆಕಾರರಿಗೆ ದುಬಾರಿ ಲೆನ್ಸಿಗಿಂತ ಹೆಚ್ಚು ಕೊಟ್ಟಿದೆ.

ಬಿಳಿ ಬಟ್ಟೆಯ ಲೆಕ್ಕ

ಹೆತ್ತೆ ಹಬ್ಬದ ದಿನ ಬೇರಗಣಿಯ ದಾರಿಯಲ್ಲಿ ನಿಂತು ನೋಡಿ. ಸಾವಿರಾರು ಜನ, ಎಲ್ಲರೂ ಬಿಳಿ. ಕ್ಯಾಮೆರಾದ ಬೆಳಕಿನ ಮೀಟರಿಗೆ ಇದು ಬಲೆ. ಮೀಟರು ಎದುರಿನ ದೃಶ್ಯವೆಲ್ಲ ಸರಾಸರಿ ಬೂದು ಎಂದುಕೊಳ್ಳುತ್ತದೆ. ಬಿಳಿ ಹೆಚ್ಚಿದ್ದರೆ 'ಬೆಳಕು ಜಾಸ್ತಿ' ಎಂದು ಹೇಳಿ ಎಕ್ಸ್‌ಪೋಷರ್ ಇಳಿಸುತ್ತದೆ. ಫಲ: ಬಟ್ಟೆ ಬೂದು, ಮುಖ ಕಪ್ಪು. ಅನುಭವಸ್ಥ ಸ್ಟುಡಿಯೋದವರು ಮೀಟರ್ ಹೇಳಿದ್ದಕ್ಕಿಂತ ಒಂದು ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಟ್ಟು, ತೊಳೆಯುವ ಸಮಯ ಸ್ವಲ್ಪ ಕಡಿಮೆ ಮಾಡುತ್ತಿದ್ದರು. ಹೆಚ್ಚು ಬೆಳಕಿನಿಂದ ಮುಖದ ವಿವರ ಬಂತು, ಕಡಿಮೆ ತೊಳೆದದ್ದರಿಂದ ಬಟ್ಟೆಯ ಮಡಿಕೆ ಉಳಿಯಿತು. ಯಾವ ಪುಸ್ತಕದಲ್ಲೂ 'ಬಡಗರ ಹಬ್ಬಕ್ಕೆ ಇಷ್ಟು' ಎಂದು ಬರೆದಿಲ್ಲ. ಅದು ಕೈಯಲ್ಲಿದ್ದ ವಿದ್ಯೆ.

ಅದೇ ಕೈಗಳು ಇನ್ನೂ ಏನೇನೋ ಮಾಡಿದವು. ನೆಗೆಟಿವಿನ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಸುಕ್ಕು ಅಳಿಸುವುದು, ಪ್ರಿಂಟಿಗೆ ಕೈಯಿಂದ ಬಣ್ಣ ಹಚ್ಚುವುದು, ತೀರಿಹೋದ ಗಂಡನ ನೆಗೆಟಿವನ್ನೂ ಬದುಕಿರುವ ಹೆಂಡತಿಯ ನೆಗೆಟಿವನ್ನೂ ಒಂದೇ ಕಾಗದದ ಮೇಲೆ ಇಳಿಸಿ ಅಕ್ಕಪಕ್ಕ ಕೂರಿಸುವುದು. ಇದನ್ನು ಕಲೆ ಎನ್ನಿ, ಮೋಸ ಎನ್ನಿ. ಸಂಶೋಧಕರಿಗೆ ಇದು ಎಚ್ಚರಿಕೆಯೂ ಹೌದು, ಸಾಕ್ಷಿಯೂ ಹೌದು. ಇಬ್ಬರ ಮೇಲೆ ಬಿದ್ದ ನೆರಳಿನ ದಿಕ್ಕು ಬೇರೆ ಬೇರೆ ಇದ್ದರೆ ಅವರು ಒಟ್ಟಿಗೆ ಕೂತಿರಲಿಲ್ಲ. ಆದರೆ ಒಟ್ಟಿಗೆ ಕೂರಿಸಬೇಕೆಂದು ಯಾರೋ ಆಸೆಪಟ್ಟಿದ್ದರು, ಅದೂ ಚರಿತ್ರೆಯೇ.

ಫಿಲ್ಮ್ ನಮ್ಮ ಬೆಟ್ಟದಲ್ಲೇ ಆದಾಗ

1960ರಲ್ಲಿ ಭಾರತ ಸರ್ಕಾರ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿ ಊಟಿಯಲ್ಲಿ ಕಾರ್ಖಾನೆ ಕಟ್ಟಿತು. ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವು. 1967ರಲ್ಲಿ ಉತ್ಪಾದನೆ ಶುರು. ಫಿಲ್ಮಿಗೆ ಧೂಳಿಲ್ಲದ ತಂಪು ಗಾಳಿ, ಶುದ್ಧ ನೀರು ಬೇಕು. ಬೆಟ್ಟದಲ್ಲಿ ಎರಡೂ ಇದ್ದವು. ಬೆಳ್ಳಿಯ ಲವಣವನ್ನು ಜೆಲಟಿನ್ನಿನಲ್ಲಿ ಹರಡಿ, ಪಾರದರ್ಶಕ ಹಾಳೆಯ ಮೇಲೆ ಒಂದೇ ಸಮನಾಗಿ ಲೇಪಿಸುವ ಕೆಲಸ, ಅದೂ ಕತ್ತಲೆಯಲ್ಲಿ. ಬ್ರಾಂಡಿನ ಹೆಸರು 'ಇಂದು'. ಸಂಸ್ಕೃತದಲ್ಲಿ ಚಂದ್ರ, ನಮ್ಮ ಮಾತಿನಲ್ಲಿ ಈ ದಿನ. ಕಾರ್ಖಾನೆಯ ಜಾಗಕ್ಕೂ ಇಂದುನಗರ ಎಂದೇ ಹೆಸರಾಯಿತು. ಕಪ್ಪು ಬಿಳುಪು ಫಿಲ್ಮು, ಫೋಟೋ ಕಾಗದ, ಎಕ್ಸ್‌ರೇ ಫಿಲ್ಮು ಇಲ್ಲಿಂದ ದೇಶದ ಮೂಲೆಗೆ ಹೋದವು.

ಒಂದು ಶತಮಾನದ ಹಿಂದೆ ಲೆನ್ಸಿನ ಎದುರು ಮಾದರಿಯಾಗಿ ನಿಂತಿದ್ದ ಬೆಟ್ಟ ಈಗ ದೇಶದ ಪಟಗಳಿಗೇ ಫಿಲ್ಮ್ ಮಾಡಿ ಕಳಿಸುತ್ತಿತ್ತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳ್ತೇನೆ. ಆದರೆ 1990ರ ದಶಕದಲ್ಲಿ ಕಂಪನಿ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಹಿಂದೆಯೇ ಡಿಜಿಟಲ್ ಬಂತು. 2014ರಲ್ಲಿ ಉಳಿದ ನೌಕರರಿಗೆ ಸ್ವಯಂ ನಿವೃತ್ತಿ ಕೊಡಲು ಕೇಂದ್ರ ಸಂಪುಟ ಒಪ್ಪಿತು.

ಉಳಿಸಬೇಕಾದದ್ದು

ಫಿಲ್ಮ್ ತಯಾರಿಸಲು ಒದಗಿದ ಬೆಟ್ಟದ ಹವೆ ಫಿಲ್ಮ್ ಉಳಿಸಲು ಒದಗುವುದಿಲ್ಲ. ತಂಪು ಒಳ್ಳೆಯದು, ತೇವ ಕೆಟ್ಟದ್ದು. ಜೆಲಟಿನ್ ಬೂಷ್ಟಿಗೆ ಆಹಾರ. ಅಸಿಟೇಟ್ ಹಾಳೆ ಕೊಳೆಯತೊಡಗಿದರೆ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬರುತ್ತದೆ, ಆಮೇಲೆ ಸುರುಟಿಕೊಳ್ಳುತ್ತದೆ. ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ ಇವತ್ತು ಆಗುತ್ತಿರುವುದು ಇದೇ. ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ಸಹಪಾಠಿಗಳಿಗೆ ನನ್ನ ಕೋರಿಕೆ: ಪ್ರಿಂಟನ್ನು ಮಾತ್ರ ಮೊಬೈಲಿನಲ್ಲಿ ತೆಗೆದುಕೊಂಡು ಬರಬೇಡಿ. ನೆಗೆಟಿವ್ ಇದೆಯಾ ಕೇಳಿ. ಅದರ ಅಳತೆ, ಅಂಚಿನ ಅಕ್ಷರ, ಹಿಂಬದಿಯ ಸ್ಟುಡಿಯೋ ಮುದ್ರೆ ಬರೆದುಕೊಳ್ಳಿ. ಹುಳಿ ವಾಸನೆ ಬರುವುದನ್ನು ಉಳಿದವುಗಳಿಂದ ಬೇರೆ ಇಡಿ. ಪಟ ತೆಗೆದವರು ಬದುಕಿದ್ದರೆ ಯಾವ ಕ್ಯಾಮೆರಾ, ಯಾವ ಫಿಲ್ಮು ಎಂದು ಮೊದಲು ಕೇಳಿ, ಪಟದಲ್ಲಿ ಯಾರಿದ್ದಾರೆ ಎಂದು ಆಮೇಲೆ ಕೇಳಿ. ಮೊದಲನೆಯದನ್ನು ಹೇಳಬಲ್ಲವರು ಬೇಗ ಕಡಿಮೆಯಾಗುತ್ತಿದ್ದಾರೆ.

ಚರ್ಚೆಯಿಂದ

*ಪ್ರಶ್ನೆ: ಇದು ನೀಲಗಿರಿಗೆ ಸರಿ. ಕಾಸರಗೋಡು, ಸೊಲ್ಲಾಪುರದ ಕಡೆ ಕೆಲಸ ಮಾಡುವವರಿಗೆ ಏನು ಉಪಯೋಗ?*

ಅಲ್ಲಿ ಇನ್ನೂ ಹೆಚ್ಚು ಅಂತ ನನ್ನ ಅನಿಸಿಕೆ. 1956ರ ರಾಜ್ಯ ಪುನರ್ವಿಂಗಡಣೆಗೆ ಹಿಂದಿನ ಮುಂದಿನ ಶಾಲೆಯ ಗುಂಪು ಚಿತ್ರ, ಪೇಟೆಯ ಚಿತ್ರ ಯಾರ ಮನೆಯಲ್ಲಾದರೂ ಇದ್ದರೆ ಹಿಂದಿನ ಬೋರ್ಡನ್ನು ನೋಡಿ. ಕನ್ನಡ ಅಕ್ಷರ ಯಾವ ವರ್ಷದವರೆಗೆ ಇತ್ತು, ಯಾವಾಗ ಇನ್ನೊಂದು ಲಿಪಿ ಮೇಲೆ ಬಂತು ಎಂಬುದನ್ನು ಅದು ಹೇಳಬಲ್ಲದು. ಸಾದಾ ಡಬ್ಬಿ ಕ್ಯಾಮೆರಾದ ಚಿತ್ರವಾದರೆ ಓದಲು ಬರುತ್ತದೆ. ದೊಡ್ಡ ದ್ವಾರದ ಲೆನ್ಸಾದರೆ ಬೋರ್ಡು ಮಸುಕಾಗಿರುತ್ತದೆ. ಮಸುಕಾದ ಬೋರ್ಡನ್ನು 'ಅಲ್ಲಿ ಕನ್ನಡ ಇರಲಿಲ್ಲ' ಎಂಬುದಕ್ಕೆ ಪುರಾವೆ ಮಾಡಬಾರದು, 'ಇತ್ತು' ಎಂಬುದಕ್ಕೂ ಮಾಡಬಾರದು. ಗಾಜು ಎಷ್ಟು ಕಂಡಿತೋ ಅಷ್ಟನ್ನೇ ಹೇಳೋಣ.