ಬೇಟೆಯ ಕೋವಿಯೂ ಒಂದೇ ಶಕ್ತಿಯ ದುರ್ಬೀನೂ

ಕಾರ್ಕಳ ಸೀಮೆಯ ಹಳೆಯ ಮನೆಗಳ ಚಾವಡಿಯಲ್ಲಿ ಗೋಡೆಗೆ ತೂಗುಹಾಕಿದ ಕೋವಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ತುಳುವಿನಲ್ಲಿ ಇದಕ್ಕೆ ‘ಬೆಡಿ’ ಎಂದು ಹೆಸರು. ಅಂಥ ಕೋವಿಯ ಮೇಲೆ ದುರ್ಬೀನು ಇರುವುದಿಲ್ಲ. ನಳಿಗೆಯ ತುದಿಯಲ್ಲಿ ಗುರಿಗಾಗಿ ಒಂದು ಸಣ್ಣ ಮಣಿಯಿರುವುದು, ಅಷ್ಟೆ. ಪಾಶ್ಚಾತ್ಯ ದೇಶಗಳ ಬೇಟೆಗಾರರಾದರೋ ಬಹುಕಾಲದಿಂದ ಒಂದು ಚರ್ಚೆಯನ್ನು ನಡೆಯಿಸುತ್ತ ಬಂದಿರುವರು. ಬೇಟೆಯ ರೈಫಲ್ಲಿಗೆ ಎಂಥ ದುರ್ಬೀನು ತಕ್ಕುದು? ಸದಾ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ತೋರಿಸುವುದೇ, ಬೇಕೆಂದಾಗ ಶಕ್ತಿಯನ್ನು ಏರಿಸಿ ಇಳಿಸಬಲ್ಲುದೇ? ಬೇಟೆಯೇ ನಿಂತುಹೋದ ನಾಡಿನಲ್ಲಿ ಈ ಪ್ರಶ್ನೆಯಿಂದ ನಮಗೇನು ಪ್ರಯೋಜನವೆಂದು ಕೇಳುವವರುಂಟು. ಒಂದು ಉಪಕರಣದ ಚರಿತ್ರೆಯು ಅದನ್ನು ಕೈಯಲ್ಲಿ ಹಿಡಿದವರ ಹೊಣೆಯ ಚರಿತ್ರೆಯೂ ಆಗಿರುವುದರಿಂದ, ಅದನ್ನು ಸ್ವಲ್ಪ ವಿಚಾರಿಸುವುದು ವ್ಯರ್ಥವಾಗದೆಂದು ನಂಬಿದ್ದೇನೆ.

ಕನ್ನಡ ನಾಡಿನಲ್ಲಿ ಬೇಟೆಯು ಅತಿ ಪ್ರಾಚೀನವಾದುದು. ಕ್ರಿ. ಶ. 949-50ರ ಆತಕೂರಿನ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ಯೆಂಬ ಬೇಟೆನಾಯಿಯ ಸ್ಮರಣೆಗಾಗಿ ನಿಲ್ಲಿಸಿದ ಕಲ್ಲಿನ ಮೇಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನೆಂಬ ವೀರನು ಆ ನಾಯಿಯನ್ನೇ ಬೇಡಿದನಂತೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅರಸರ ವಿನೋದಗಳಲ್ಲಿ ಬೇಟೆಯನ್ನೂ ಎಣಿಸಿ ವಿಸ್ತಾರವಾಗಿ ವರ್ಣಿಸುತ್ತದೆ. ನಮ್ಮ ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಗೆ, ಎಂದರೆ ಫೆಬ್ರವರಿಯ ನಡುವೆ ಬರುವ ಕೆಡ್ಡಸದ ದಿನಗಳಲ್ಲಿ ಊರವರೆಲ್ಲ ಕೂಡಿ ‘ಬೋಂಟೆ’ಗೆ ಹೊರಡುವ ಪದ್ಧತಿಯಿತ್ತು. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿಯು ಅಹಿಂಸೆಯನ್ನು ಸಾರುತ್ತಿರುವ ಸೀಮೆಯಲ್ಲಿಯೇ ಬೇಟೆಯ ಆಚಾರವೂ ಉಳಿದು ಬಂದುದು ವಿಚಾರಾರ್ಹವಾದ ಸಂಗತಿ. ಒಕ್ಕಲಿನವನಿಗೆ ಗದ್ದೆಯ ಪೈರನ್ನು ಹಂದಿಯ ಬಾಯಿಂದಲೂ, ಹಟ್ಟಿಯ ದನವನ್ನು ಹುಲಿಯ ಬಾಯಿಂದಲೂ ಉಳಿಸಿಕೊಳ್ಳಬೇಕಾಗಿದ್ದಿತು.

ಬಿಲ್ಲು, ಈಟಿ, ಬಲೆಗಳ ತರುವಾಯ ಕೋವಿ ಬಂದಿತು. 1857ರ ದಂಗೆಯಾದ ಮೇಲೆ ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಗಳು ಹೊರಟವು. ನೆರೆಯ ಕೊಡಗಿನವರಿಗೆ 1861ರಲ್ಲಿ ಇದರಿಂದ ವಿನಾಯಿತಿ ದೊರೆಯಿತು. ಮದ್ರಾಸ್ ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ; 1878ರ ಆಯುಧ ಕಾಯಿದೆಯ ಪ್ರಕಾರ ಇಲ್ಲಿ ಕೋವಿಯಿಡಲು ಲೈಸನ್ಸು ಬೇಕಾಯಿತು. ಲೈಸನ್ಸು ದೊರೆತ ಗೃಹಸ್ಥನು ಇಟ್ಟುಕೊಂಡುದು ಸಾಮಾನ್ಯವಾಗಿ ಕೇಪಿನ ಕೋವಿ, ಅನುಕೂಲಸ್ಥನಾದರೆ ಜೋಡುನಳಿಗೆಯ ತೋಟೆಕೋವಿ. ಇವೆರಡರ ನಳಿಗೆಯೂ ಒಳಗೆ ನುಣುಪು. ರೈಫಲ್ಲಿನ ನಳಿಗೆಯಲ್ಲಿ ಸುರುಳಿಯಾದ ಗೆರೆಗಳಿದ್ದು, ಅವು ಗುಂಡನ್ನು ತಿರುಗಿಸುತ್ತ ನೇರಕ್ಕೆ ಕಳುಹಿಸುವುವು. ನುಣುಪು ನಳಿಗೆಯಿಂದ ಹೊರಟ ಚರೆಯಾದರೋ ಹರಡುತ್ತ ಹೋಗಿ ನಲವತ್ತು ಗಜಗಳಾಚೆ ಬಲಗುಂದುವುದು. ಅಂಥ ಕೋವಿಗೆ ದುರ್ಬೀನನ್ನು ಕೂಡಿಸುವುದು, ದೋಟಿಗೆ ಎಟುಕದ ಕಾಯನ್ನು ಕನ್ನಡಕವಿಟ್ಟು ಕೊಯ್ಯಹೊರಟಂತೆ. ನಮ್ಮ ಚಾವಡಿಯ ಕೋವಿಗಳಲ್ಲಿ ಗಾಜು ಕಾಣದಿರುವುದಕ್ಕೆ ಮೊದಲನೆಯ ಕಾರಣವಿದು.

ಎರಡನೆಯ ಕಾರಣವು ಕಾಡಿನದು. ಕಾಪಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನೇರಿ ಪಡುವಣಕ್ಕೆ ನೋಡಿದರೆ ಕಣ್ಣಿಗೆ ಅಡ್ಡವಾದುದು ಏನೂ ಇಲ್ಲ. ಅಲ್ಲಿ ಹತ್ತು ಪಟ್ಟು ಹಿಗ್ಗಿಸುವ ದುರ್ಬೀನಿಗೂ ಕೆಲಸವಿದೆ. ಅಲ್ಲಿಂದ ಮೂಡಣಕ್ಕೆ ಸರಿದು ಮಾಳ, ಹೆಬ್ರಿಗಳ ಕಡೆ ಘಟ್ಟದ ಬುಡವನ್ನು ಹೊಕ್ಕರೆ, ಹಗಲಿನಲ್ಲಿಯೇ ಮಬ್ಬು. ಬಳ್ಳಿ, ಬೆತ್ತ, ಬಿದಿರುಗಳ ನಡುವೆ ಮೂವತ್ತು ಗಜದಾಚೆಯ ಪ್ರಾಣಿ ಕಾಣಿಸಿದರೆ ಪುಣ್ಯ. ಬೇಟೆಗಾರನು ಮರದ ಅಟ್ಟಣೆಯಲ್ಲಿ ಕುಳಿತಿರಲಿ, ಡೋಲು ಬಡಿದು ಎಬ್ಬಿಸಿದ ಪ್ರಾಣಿಗೆ ಕಾದು ನಿಂತಿರಲಿ, ಅವನಿಗೆ ದೊರೆಯುತ್ತಿದ್ದುದು ಒಂದು ಕ್ಷಣದ ನೋಟ.

ಈಗ ದುರ್ಬೀನಿನ ಕಡೆಗೆ ಬರೋಣ. ಅಮೇರಿಕದ ವಿಲಿಯಂ ಮಾಲ್ಕಂ ಎಂಬವನು 1855ರ ಸುಮಾರಿಗೆ ರೈಫಲ್ಲಿನ ದುರ್ಬೀನುಗಳನ್ನು ಮಾಡಿ ಮಾರತೊಡಗಿದನು. ಅವು ಹೆಚ್ಚುಕಡಿಮೆ ನಳಿಗೆಯಷ್ಟೇ ಉದ್ದವಾದ ಕೊಳವೆಗಳು. 1900ರ ಹೊತ್ತಿಗೆ ವಿಯೆನ್ನಾದ ಕಾಲೆಸ್ ಕಾರಖಾನೆಯು ಬೇಟೆಗೊಪ್ಪುವ ಚಿಕ್ಕ ದುರ್ಬೀನುಗಳನ್ನು ಹೊರಡಿಸಿತು. 1930ರಲ್ಲಿ ಅಮೇರಿಕದ ವೀವರ್ ಎಂಬವನು ಮೂರು ಪಟ್ಟಿಗೆ ಸಮೀಪವಾದ ಶಕ್ತಿಯ ದುರ್ಬೀನನ್ನು ಸಾಮಾನ್ಯನ ಕೈಗೆಟುಕುವ ಬೆಲೆಗೆ ತಂದನು. ಆ ಕಾಲದ ಬೇಟೆಯ ದುರ್ಬೀನುಗಳು ಬಹುಮಟ್ಟಿಗೆ ಒಂದೇ ಶಕ್ತಿಯವು. ಎರಡೂವರೆ ಪಟ್ಟು ಇಲ್ಲವೆ ನಾಲ್ಕು ಪಟ್ಟು. ಶಕ್ತಿ ಬದಲಿಸುವಂಥವು ಎರಡನೆಯ ಮಹಾಯುದ್ಧದ ತರುವಾಯವೇ ಬಳಕೆಗೆ ಹಬ್ಬಿದವು.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಸುಲಭವಾದ ಗಣಿತದಿಂದ ತಿಳಿಯಬಹುದು. ಮುಂಗಾಜಿನ ಅಗಲವನ್ನು ಶಕ್ತಿಯಿಂದ ಭಾಗಿಸಿದರೆ, ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಸಿಕ್ಕುವುದು. ಮುಂಗಾಜು 32 ಮಿಲಿಮೀಟರ್, ಶಕ್ತಿ 4 ಎಂದಾದರೆ ಬಿಲ್ಲೆಯು 8 ಮಿಲಿಮೀಟರ್. ಕತ್ತಲಲ್ಲಿ ತರುಣನ ಕಣ್ಣಿನ ಪಾಪೆಯು ಸುಮಾರು 7 ಮಿಲಿಮೀಟರ್ ಅರಳುವುದು. ವಯಸ್ಸಾದಂತೆ ಅದು 5ಕ್ಕೆ ಇಳಿಯುವುದೂ ಉಂಟು. ಆದುದರಿಂದ ನಾಲ್ಕು ಪಟ್ಟಿನ ಗಾಜು ಮುಸ್ಸಂಜೆಯಲ್ಲಿ ಕಣ್ಣು ಹಿಡಿಯಬಲ್ಲಷ್ಟು ಬೆಳಕನ್ನೆಲ್ಲ ಕೊಡುವುದು. 40 ಮಿಲಿಮೀಟರ್ ಮುಂಗಾಜಿನ ದುರ್ಬೀನನ್ನು ಒಂಬತ್ತು ಪಟ್ಟಿಗೆ ಏರಿಸಿದರೆ ಬಿಲ್ಲೆಯು ನಾಲ್ಕೂವರೆಗೂ ಕಡಿಮೆಯಾಗಿ ನೋಟವು ಮಸಕಾಗುವುದು. ಇನ್ನು ನೋಟದ ಅಗಲ. ನೂರು ಗಜ ದೂರದಲ್ಲಿ ಎರಡೂವರೆ ಪಟ್ಟಿನ ದುರ್ಬೀನು ಸುಮಾರು 40 ಅಡಿ, ನಾಲ್ಕು ಪಟ್ಟಿನದು 28 ಅಡಿ, ಒಂಬತ್ತು ಪಟ್ಟಿನದು 14 ಅಡಿ ಅಗಲದ ಕಾಡನ್ನು ತೋರಿಸುವುದು. ಮೂವತ್ತು ಗಜದಲ್ಲಿ ಒಂಬತ್ತು ಪಟ್ಟಿನ ನೋಟವು ನಾಲ್ಕು ಅಡಿಗೆ ಕುಗ್ಗುವುದರಿಂದ, ಕಾಡುಕೋಣವು ಎದುರಿಗೆ ನಿಂತರೂ ಕಾಣುವುದು ಒಂದು ತುಂಡು ಕಪ್ಪು ಚರ್ಮ. ಅದು ಕೋಣದ ಹೆಗಲೋ, ಮರದ ಬೊಡ್ಡೆಯೋ, ಕಂಬಳಿ ಹೊದ್ದ ಮನುಷ್ಯನೋ ಎಂಬುದನ್ನು ಗೊತ್ತುಮಾಡಲು ಸುತ್ತಣ ನೋಟವೇ ಬೇಕು.

ಮೂರನೆಯದಾಗಿ ನಮ್ಮ ಮಳೆ. ಘಟ್ಟದ ಮೇಲಣ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು, ಕರಾವಳಿಯಲ್ಲಿ ಸುಮಾರು 4000 ಮಿಲಿಮೀಟರ್ ಬೀಳುವುದು. ಆಷಾಢದಲ್ಲಿ ಕಪಾಟಿನೊಳಗಣ ಕನ್ನಡಕದ ಪೆಟ್ಟಿಗೆಗೂ ಬೂಸರು ಬರುವ ನಾಡಿನಲ್ಲಿ, ಗಾಜಿನೊಳಗೆ ತೇವ ಹೊಕ್ಕರೆ ಆ ದುರ್ಬೀನು ಕೆಟ್ಟಂತೆಯೇ. ಒಂದೇ ಶಕ್ತಿಯದರಲ್ಲಿ ಗಾಜುಗಳೂ ಚಲಿಸುವ ಭಾಗಗಳೂ ಕಡಿಮೆ. ಆದುದರಿಂದ ತೇವಕ್ಕೆ ದಾರಿಯೂ ಕಡಿಮೆ, ಪೆಟ್ಟು ತಗಲಿದಾಗ ಗುರಿ ಕದಲುವ ಭಯವೂ ಕಡಿಮೆ. ಶಕ್ತಿ ಬದಲಿಸುವ ಹಳೆಯ ದುರ್ಬೀನುಗಳಲ್ಲಿ ತಿರುಪನ್ನು ತಿರುಗಿಸಿದಾಗ ಗುರಿಯ ಬಿಂದುವೇ ಸರಿಯುತ್ತಿದ್ದುದುಂಟು. ಇಂದಿನ ಒಳ್ಳೆಯ ಕೆಲಸದಲ್ಲಿ ಆ ದೋಷವು ಬಹಳ ಮಟ್ಟಿಗೆ ನೀಗಿದೆ. ಬಯಲುಸೀಮೆಯಲ್ಲಿ ಮುನ್ನೂರು ಗಜ ದೂರದ ಗುರಿಗೆ ಶಕ್ತಿ ಬದಲಿಸುವುದೇ ಮೇಲೆಂಬುದನ್ನು ನಾನು ಅಲ್ಲಗಳೆಯೆನು. ಘಟ್ಟದ ಕಾಡಿಗೆ ಮಾತ್ರ ಎರಡೂವರೆಯಿಂದ ನಾಲ್ಕು ಪಟ್ಟಿನ, ಒಂದೇ ಶಕ್ತಿಯ ಗಾಜೇ ಸರಿಯೆಂದು ತೋರುವುದು.

ಇಷ್ಟು ಸೂಕ್ಷ್ಮ ವಿಚಾರ ಏಕೆ ಬೇಕಾಗಿತ್ತು? ಗುರಿ ತಪ್ಪಿದ ಈಡಿನ ಫಲವು ಗುಂಡಿನೊಂದಿಗೆ ಮುಗಿಯುತ್ತಿರಲಿಲ್ಲ. 1907ರಲ್ಲಿ ಕುಮಾಯೂನಿನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ಟನು ಕೊಂದ ಹೆಣ್ಣುಹುಲಿಯು 436 ಮಂದಿಯನ್ನು ತಿಂದಿದ್ದಿತೆಂದು ಲೆಕ್ಕ. ಅದರ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ತಗಲಿದ ಗುಂಡಿನಿಂದ ಮುರಿದಿದ್ದುವು. ಸಹಜವಾದ ಬೇಟೆಯು ಅಸಾಧ್ಯವಾದುದರಿಂದಲೇ ಅದು ಮನುಷ್ಯರ ಮೇಲೆ ಬಿದ್ದಿತೆಂದು ಅವನು ಬರೆದಿರುವನು. ಬೆಂಗಳೂರಿನಲ್ಲಿ ನೆಲೆಸಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ನನೂ ನಮ್ಮ ಕಾಡುಗಳ ವಿಷಯದಲ್ಲಿ ಇಂಥ ಪ್ರಸಂಗಗಳನ್ನೇ ಹೇಳಿದ್ದಾನೆ. ಅವನ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರು ಬಲ್ಲರು. ಯಾರೋ ಒಬ್ಬನು ಮಬ್ಬಿನಲ್ಲಿ ಹೊಡೆದ ಚರೆಗೆ ಮತ್ತೊಂದು ಊರಿನ ಸೌದೆಯ ಹೆಂಗಸು, ದನಕಾಯುವ ಹುಡುಗ ಬಲಿಯಾದರು. ಸರಿಯಾಗಿ ಕಾಣದಿದ್ದರೆ ಹೊಡೆಯಬಾರದೆಂಬುದು ಬೇಟೆಯ ಮೊದಲನೆಯ ಧರ್ಮವಾಗಿದ್ದಿತು. ಗಾಜು ಆ ಧರ್ಮಕ್ಕೆ ಸಹಾಯಕವೇ ಹೊರತು ಅದರ ಬದಲಿಯಾಗಲಾರದು.

ಒಳ್ಳೆಯ ಗಾಜು ಅಗ್ಗವಾಗುವ ಹೊತ್ತಿಗೆ ಕಾಡೇ ಬರಿದಾಗುತ್ತ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾಗಿ ತಡೆಯಿತು. 1991ರ ತಿದ್ದುಪಡಿಯಿಂದ ಲೈಸನ್ಸಿನ ಬೇಟೆಯೂ ಕೊನೆಗಂಡಿತು. ಹೆಬ್ರಿಯ ಕಡೆ ಸೋಮೇಶ್ವರ ಅಭಯಾರಣ್ಯವು 1974ರಲ್ಲಿ, ಕುದುರೆಮುಖದ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಏರ್ಪಟ್ಟವು. ಇಂದು ನಮ್ಮ ರೈತರ ಕೋವಿಗಳು ಬೆಳೆ ರಕ್ಷಣೆಯ ಲೈಸನ್ಸಿನವು. ಚುನಾವಣೆ ಬಂದಾಗ ಅವನ್ನು ಠಾಣೆಯಲ್ಲಿ ಇಟ್ಟುಬರಬೇಕಾಗುವ ತೊಂದರೆಯನ್ನು ಹಳ್ಳಿಯ ಮನೆಗಳು ಚೆನ್ನಾಗಿ ಬಲ್ಲವು. ಅಡಿಕೆ, ಬಾಳೆ, ಭತ್ತಗಳನ್ನು ಹಂದಿಗೂ ಮಂಗಗಳಿಗೂ ಬಿಟ್ಟು ಸುಮ್ಮನಿರುವುದು ಸುಲಭವಲ್ಲ. ಆ ದುಃಖವನ್ನು ಪೇಟೆಯವರು ಹಗುರವಾಗಿ ಕಾಣಬಾರದು. ಆದರೆ ಕಾಯಿದೆಯ ಅನುಮತಿಯಿಲ್ಲದೆ ಕಾಡುಪ್ರಾಣಿಗೆ ಗುರಿಯಿಡುವ ಕಾಲವು ಕಳೆದುಹೋಯಿತು. ರೈಫಲ್ಲಿನ ದುರ್ಬೀನಿಗೆ ಇಲ್ಲಿ ಉಳಿದಿರುವ ನ್ಯಾಯವಾದ ಸ್ಥಳವೆಂದರೆ ಗುರಿಸ್ಪರ್ಧೆಯ ಅಂಕಣ.

ಗಾಜಿನ ಗಣಿತವು ಮಾತ್ರ ಹಳತಾಗಿಲ್ಲ. ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲಿ ಬೆಳಗ್ಗೆ ಹಕ್ಕಿಗಳನ್ನು ನೋಡುವವರ ಕೊರಳಿನ ಜೋಡುಗೊಳವೆಯ ದುರ್ಬೀನೂ ಸಾಮಾನ್ಯವಾಗಿ ಒಂದೇ ಶಕ್ತಿಯದು. ಎಂಟು ಪಟ್ಟು, 42 ಮಿಲಿಮೀಟರ್ ಎಂದರೆ ಬಿಲ್ಲೆಯು ಐದಕ್ಕೆ ಸ್ವಲ್ಪ ಮೇಲೆ; ಮುಂಜಾವಿನ ಬೆಳಕಿಗೆ ಅದು ಸಾಕು. ಮಕ್ಕಳಿಗೆ ಅಂಥದೊಂದನ್ನು ಕೊಳ್ಳುವ ಗೃಹಸ್ಥರು ಅಂಗಡಿಯವನು ಹೊಗಳುವ ದೊಡ್ಡ ಅಂಕಿಗೆ ಮರುಳಾಗದೆ, ಮೊದಲು ಈ ಭಾಗಾಕಾರವನ್ನು ಮಾಡಿ ನೋಡಲಿ. ಅಜ್ಜನ ಕೋವಿಯು ಲೈಸನ್ಸಿನೊಡನೆ ತನ್ನ ಸ್ಥಳದಲ್ಲಿಯೇ ಇರಲಿ; ಮೊಮ್ಮಗನು ಅದೇ ಕಾಡಿಗೆ ಗಾಜನ್ನು ಮಾತ್ರ ಹಿಡಿದು ಹೋಗಿ, ಕಂಡುದನ್ನು ಕಂಡಂತೆ ಬರೆದಿಟ್ಟರೆ ನಮ್ಮ ಜಿಲ್ಲೆಗೆ ಉಪಕಾರವಾದೀತು.